ಜಾಲದ ಸ್ವಿಚ್ಚೂ ಸೇವಾನಿರಾಕರಣೆಯೂ

ಕಳ್ಳನು ಮನೆಯೊಳಗೆ ನುಗ್ಗಿ ಒಡವೆಗಳನ್ನು ಕದ್ದೊಯ್ದರೆ ನಷ್ಟವಾಯಿತೆಂದು ಎಲ್ಲರೂ ಒಪ್ಪುವರು. ಆದರೆ ಒಬ್ಬನು ಏನನ್ನೂ ಕದಿಯದೆ, ಯಾವ ಬೀಗವನ್ನೂ ಮುರಿಯದೆ, ಆಸ್ಪತ್ರೆಯ ಬಾಗಿಲಿಗೆ ಅಡ್ಡಲಾಗಿ ಸಾಲುಸಾಲಾಗಿ ಗಾಡಿಗಳನ್ನು ತಂದು ನಿಲ್ಲಿಸಿದನೆಂದು ಭಾವಿಸೋಣ. ಒಳಗೆ ವೈದ್ಯರಿದ್ದಾರೆ, ಔಷಧವಿದೆ, ಹಾಸಿಗೆಗಳಿವೆ. ಹೊರಗೆ ರೋಗಿಯೂ ಇದ್ದಾನೆ. ಇಬ್ಬರ ನಡುವಣ ದಾರಿ ಮಾತ್ರ ಇಲ್ಲ. ಇಂಥ ಹಾನಿಗೆ ಕಂಪ್ಯೂಟರ್ ಶಾಸ್ತ್ರದಲ್ಲಿ ‘ಸೇವಾನಿರಾಕರಣೆ’ ಎಂಬ ಹೆಸರುಂಟು. ಸೇವೆ ಸಲ್ಲಿಸತಕ್ಕ ಯಂತ್ರವು ಮುರಿದಿರಬೇಕಾಗಿಲ್ಲ. ಅದರೊಳಗಿನ ಮಾಹಿತಿಯು ಕಳವಾಗಿರಬೇಕಾಗಿಲ್ಲ. ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ಆ ಸೇವೆ ದೊರೆಯದೆ ಹೋದರೆ ಸಾಕು, ಅದೇ ಸೇವಾನಿರಾಕರಣೆ.

ಈ ಪೀಡೆಯು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ‘ಸ್ವಿಚ್ಚು’ ಎಂಬ ಯಂತ್ರಕ್ಕೆ ಹೇಗೆ ತಗಲುತ್ತದೆ, ಅದನ್ನು ತಡೆಯುವ ಬಗೆ ಏನು ಎಂಬುದನ್ನು ಈ ಲೇಖನದಲ್ಲಿ ವಿದ್ಯಾರ್ಥಿಗಳಿಗೂ ಅವರ ತಂದೆತಾಯಂದಿರಿಗೂ ತಿಳಿಯುವಂತೆ ವಿವರಿಸಲು ಉದ್ದೇಶಿಸಿದ್ದೇವೆ. ವಿಷಯವು ಯಂತ್ರಜ್ಞರಿಗೆ ಮಾತ್ರ ಸೇರಿದ್ದೆಂದು ಯಾರೂ ಪುಟ ಮಗುಚಬಾರದು. ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಹಣ, ಪಡಿತರದ ಲೆಕ್ಕ, ರಕ್ತಪರೀಕ್ಷೆಯ ವರದಿ, ಇವೆಲ್ಲವೂ ಇಂದು ಎಲ್ಲಿಯೋ ಒಂದು ಕಡೆ ಸ್ವಿಚ್ಚಿನ ಮೂಲಕವೇ ಹಾದು ಬರುತ್ತಿವೆ. ಅದು ನಿಂತರೆ ಇವೂ ನಿಲ್ಲುತ್ತವೆ.

ಸ್ವಿಚ್ಚೆಂದರೇನು?

ಇದು ದೀಪ ಹೊತ್ತಿಸುವ ಗೋಡೆಯ ಸ್ವಿಚ್ಚಲ್ಲ. ಶಾಲೆಯ ಕಂಪ್ಯೂಟರ್ ಕೊಠಡಿಯ ಒಂದು ಮೂಲೆಯಲ್ಲಿ, ಎಂಟೋ ಇಪ್ಪತ್ತನಾಲ್ಕೋ ತೂತುಗಳುಳ್ಳ ಚಪ್ಪಟೆಯಾದ ಒಂದು ಪೆಟ್ಟಿಗೆಯನ್ನು ವಿದ್ಯಾರ್ಥಿಗಳು ನೋಡಿರಬಹುದು. ಪ್ರತಿ ತೂತಿಗೂ ಒಂದೊಂದು ತಂತಿ ಬಂದು ಸೇರಿರುತ್ತದೆ. ಸಣ್ಣ ಹಸಿರು ದೀಪಗಳು ಮಿಣುಕುತ್ತಿರುತ್ತವೆ. ಆ ತೂತುಗಳಿಗೆ ಪೋರ್ಟುಗಳೆಂದು ಹೆಸರು. ಮನೆಯಲ್ಲಿ ವೈಫೈ ಕೊಡುವ ಪೆಟ್ಟಿಗೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಪೋರ್ಟುಗಳ ಸಾಲೊಂದಿರುತ್ತದೆ. ಅದೂ ಒಂದು ಕಿರಿಯ ಸ್ವಿಚ್ಚೇ.

ಒಂದು ಕಂಪ್ಯೂಟರು ಇನ್ನೊಂದಕ್ಕೆ ಕಳುಹಿಸುವ ವಿಷಯವು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿ ಪೊಟ್ಟಣದ ಮೇಲೆಯೂ ಅಂಚೆಯ ಲಕೋಟೆಯಂತೆ ಎರಡು ವಿಳಾಸಗಳಿರುತ್ತವೆ: ಹೋಗಬೇಕಾದವರದು ಒಂದು, ಕಳುಹಿಸಿದವರದು ಒಂದು. ಈ ವಿಳಾಸಕ್ಕೆ ಮ್ಯಾಕ್ ವಿಳಾಸವೆನ್ನುತ್ತಾರೆ. ಅದು ೪೮ ಬಿಟ್ಟುಗಳ ಸಂಖ್ಯೆ. ಅಂದರೆ ಸುಮಾರು ೨೮೧ ಲಕ್ಷ ಕೋಟಿ ಬೇರೆ ಬೇರೆ ವಿಳಾಸಗಳಿಗೆ ಅದರಲ್ಲಿ ಅವಕಾಶವುಂಟು.

ಈ ಬಗೆಯ ಜೋಡಣೆಗೆ ಈಥರ್‌ನೆಟ್ ಎಂದು ಹೆಸರು. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ೧೯೭೩ರಲ್ಲಿ ರಾಬರ್ಟ್ ಮೆಟ್ಕಾಫ್ ಇದರ ಕಲ್ಪನೆಯನ್ನು ಬರೆದಿಟ್ಟರು; ಡೇವಿಡ್ ಬಾಗ್ಸ್ ಅವರೊಡನೆ ಸೇರಿ ಅದನ್ನು ಕಾರ್ಯರೂಪಕ್ಕೆ ತಂದರು. ಆರಂಭದಲ್ಲಿ ಎಲ್ಲ ಕಂಪ್ಯೂಟರುಗಳೂ ಒಂದೇ ತಂತಿಗೆ ಅಂಟಿಕೊಂಡಿದ್ದವು. ಬಳಿಕ ‘ಹಬ್’ ಎಂಬ ಪೆಟ್ಟಿಗೆ ಬಂದಿತು. ಅದು ಒಂದು ಪೋರ್ಟಿನಲ್ಲಿ ಬಂದುದನ್ನು ಉಳಿದ ಎಲ್ಲ ಪೋರ್ಟುಗಳಿಗೂ ಕೂಗಿ ಹೇಳುತ್ತಿತ್ತು. ಡಂಗುರ ಸಾರುವವನಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ೧೯೯೦ರಲ್ಲಿ ಏಳು ಪೋರ್ಟುಗಳ ಮೊದಲ ಈಥರ್‌ನೆಟ್ ಸ್ವಿಚ್ಚು ಮಾರುಕಟ್ಟೆಗೆ ಬಂದಿತು. ಅದನ್ನು ತಯಾರಿಸಿದ ಅಮೆರಿಕದ ಕಂಪನಿಯ ಹೆಸರು ‘ಕಲ್ಪನಾ’. ಭಾರತೀಯ ಮೂಲದವರಾದ ವಿನೋದ್ ಭಾರದ್ವಾಜ್ ಅವರೂ ಲ್ಯಾರಿ ಬ್ಲೇರ್ ಅವರೂ ಕೂಡಿ ಸ್ಥಾಪಿಸಿದ ಆ ಕಂಪನಿಗೆ ಭಾರದ್ವಾಜರ ಪತ್ನಿಯ ಹೆಸರನ್ನೇ ಇಟ್ಟಿದ್ದರು. ೧೯೯೪ರಲ್ಲಿ ಅದನ್ನು ಸಿಸ್ಕೋ ಕಂಪನಿಯು ಕೊಂಡುಕೊಂಡಿತು.

ಸ್ವಿಚ್ಚಿನ ಜಾಣತನವು ಬಹಳ ಸರಳವಾದುದು. ಪೊಟ್ಟಣವೊಂದು ಮೂರನೆಯ ಪೋರ್ಟಿನಿಂದ ಬಂದರೆ, ಅದರ ಮೇಲಿನ ಕಳುಹಿಸಿದವರ ವಿಳಾಸವನ್ನು ಓದಿ, ‘ಈ ವಿಳಾಸದವನು ಮೂರನೆಯ ಪೋರ್ಟಿನ ಕಡೆ ಇದ್ದಾನೆ’ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಮುಂದೆ ಆ ವಿಳಾಸಕ್ಕೆ ಪೊಟ್ಟಣ ಬಂದಾಗ ಉಳಿದವರನ್ನು ಎಬ್ಬಿಸದೆ ನೇರವಾಗಿ ಮೂರನೆಯ ಪೋರ್ಟಿಗೆ ಮುಟ್ಟಿಸುತ್ತದೆ. ವಿಳಾಸವು ಪಟ್ಟಿಯಲ್ಲಿಲ್ಲದಿದ್ದರೆ ಮಾತ್ರ ಹಳೆಯ ಹಬ್ಬಿನಂತೆ ಎಲ್ಲ ಕಡೆಗೂ ಕಳುಹಿಸುತ್ತದೆ. ಹೊಸದಾಗಿ ಬಂದ ಅಂಚೆಯವನು ಯಾರೂ ಕಲಿಸದೆ, ಕಾಗದಗಳನ್ನು ನೋಡಿ ನೋಡಿಯೇ ಊರಿನ ಮನೆಗಳನ್ನು ತಿಳಿದುಕೊಳ್ಳುವಂತೆ ಇದು ನಡೆಯುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಸ್ವಿಚ್ಚು ತನಗೆ ಹೇಳಿದ್ದನ್ನು ನಂಬುತ್ತದೆ. ಲಕೋಟೆಯ ಮೇಲಿನ ವಿಳಾಸ ನಿಜವೋ ಸುಳ್ಳೋ ಎಂದು ವಿಚಾರಿಸುವುದಿಲ್ಲ. ಎರಡನೆಯದು, ಅದರ ಬಳಿಯಿರುವುದೆಲ್ಲವೂ ಮಿತವಾದುದು: ಪಟ್ಟಿಯ ಸಾಲುಗಳು ಮಿತ, ಸರದಿಯ ಜಾಗ ಮಿತ, ನೆನಪಿನ ಕೋಶ ಮಿತ, ಯೋಚಿಸುವ ಪ್ರೊಸೆಸರಿನ ಹೊತ್ತೂ ಮಿತ. ಮಿತವಾದ ವಸ್ತುವನ್ನು ಅಪರಿಚಿತನು ಮಿತಿಯಿಲ್ಲದೆ ಬಳಸಲು ಬಿಟ್ಟಲ್ಲಿ ಸೇವಾನಿರಾಕರಣೆ ಹುಟ್ಟುತ್ತದೆ. ಮುಂದೆ ಹೇಳುವ ನಾಲ್ಕು ಬಗೆಯ ದೋಷಗಳೂ ಈ ಒಂದು ಬೇರಿನಿಂದಲೇ ಚಿಗುರಿದವು.

೧. ಪಟ್ಟಿ ತುಂಬಿದಾಗ

ಸಾಧಾರಣ ಸ್ವಿಚ್ಚಿನ ವಿಳಾಸಪಟ್ಟಿಯಲ್ಲಿ ಎಂಟು ಸಾವಿರವೋ ಹದಿನಾರು ಸಾವಿರವೋ ಸಾಲುಗಳಿರುತ್ತವೆ. ಒಂದು ಶಾಲೆಗೆ, ಒಂದು ಕಚೇರಿಗೆ ಇದು ಧಾರಾಳವಾಯಿತು. ಒಂದು ವಿಳಾಸದಿಂದ ಐದು ನಿಮಿಷ ಯಾವ ಪೊಟ್ಟಣವೂ ಬಾರದಿದ್ದರೆ ಅದನ್ನು ಅಳಿಸಿ ಜಾಗ ತೆರವು ಮಾಡುವುದು ರೂಢಿ.

ಈಗ ಜಾಲಕ್ಕೆ ಸೇರಿದ ಒಂದು ಕಂಪ್ಯೂಟರು ದುರುದ್ದೇಶದಿಂದ ಪೊಟ್ಟಣದ ಮೇಲೆ ಪೊಟ್ಟಣ ಕಳುಹಿಸುತ್ತದೆಂದೂ, ಪ್ರತಿಯೊಂದರ ಮೇಲೆಯೂ ಹೊಸದೊಂದು ಸುಳ್ಳು ವಿಳಾಸ ಬರೆಯುತ್ತದೆಂದೂ ಇಟ್ಟುಕೊಳ್ಳೋಣ. ಸೆಕೆಂಡಿಗೆ ನೂರು ಕೋಟಿ ಬಿಟ್ಟುಗಳನ್ನು ಒಯ್ಯುವ ತಂತಿಯಲ್ಲಿ ಅತಿ ಚಿಕ್ಕ ಪೊಟ್ಟಣಗಳು ಸೆಕೆಂಡಿಗೆ ಸುಮಾರು ೧೪ ಲಕ್ಷ ೮೮ ಸಾವಿರದಷ್ಟು ಸಾಗಬಲ್ಲವು. ಈ ವೇಗದಲ್ಲಿ ಎಂಟು ಸಾವಿರ ಸಾಲುಗಳ ಪಟ್ಟಿ ತುಂಬಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಪಟ್ಟಿ ತುಂಬಿದ ಮೇಲೆ ನಿಜವಾದ ಕಂಪ್ಯೂಟರಿನ ವಿಳಾಸವನ್ನು ಬರೆದುಕೊಳ್ಳಲು ಜಾಗವೇ ಇಲ್ಲ. ವಿಳಾಸ ತಿಳಿಯದ ಪೊಟ್ಟಣಗಳನ್ನು ಎಲ್ಲ ಕಡೆಗೂ ಕಳುಹಿಸಬೇಕೆಂಬ ನಿಯಮದಂತೆ ಸ್ವಿಚ್ಚು ಮತ್ತೆ ಡಂಗುರ ಸಾರತೊಡಗುತ್ತದೆ. ಪ್ರತಿಯೊಂದು ತಂತಿಯಲ್ಲಿಯೂ ಎಲ್ಲರ ಪೊಟ್ಟಣಗಳೂ ತುಂಬಿ ಜಾಲವು ತೆವಳತೊಡಗುತ್ತದೆ. ಒಬ್ಬರಿಗೆ ಹೋಗತಕ್ಕ ಗುಟ್ಟಿನ ಮಾತು ಮತ್ತೊಬ್ಬರ ತಂತಿಯಲ್ಲಿಯೂ ಹಾದುಹೋಗುವುದು ಇದರ ಇನ್ನೊಂದು ಕೇಡು.

ಈ ದೋಷವು ಯಾರೋ ಅಜಾಗರೂಕತೆಯಿಂದ ಮಾಡಿದ ತಪ್ಪಲ್ಲ. ಯಾರೂ ಕಲಿಸದೆ ತಾನೇ ಕಲಿಯುವ ಗುಣವೇ ಸ್ವಿಚ್ಚಿನ ಹಿರಿಮೆ. ಆ ಗುಣವೇ ಅದರ ದೌರ್ಬಲ್ಯವೂ ಆಯಿತು.

೨. ಸುತ್ತು ಬಿದ್ದ ಜಾಲ

ಎರಡು ಸ್ವಿಚ್ಚುಗಳ ನಡುವೆ ಒಂದೇ ತಂತಿಯಿದ್ದರೆ, ಅದು ಕಡಿದ ದಿನ ಸಂಪರ್ಕ ನಿಲ್ಲುತ್ತದೆ. ಆದುದರಿಂದ ಎರಡನೆಯ ತಂತಿಯೊಂದನ್ನು ಹಾಕಿಡುವುದು ಜಾಣತನವೆಂದು ತೋರುತ್ತದೆ. ಆದರೆ ಎರಡು ತಂತಿಗಳು ಸೇರಿದೊಡನೆ ಒಂದು ಸುತ್ತು ಏರ್ಪಡುತ್ತದೆ. ಎಲ್ಲರಿಗೂ ಮುಟ್ಟಬೇಕಾದ ಒಂದು ಪೊಟ್ಟಣವು ಮೊದಲನೆಯ ತಂತಿಯಲ್ಲಿ ಹೋಗಿ ಎರಡನೆಯದರಲ್ಲಿ ಮರಳಿ ಬಂದು ಮತ್ತೆ ಮೊದಲನೆಯದರಲ್ಲಿ ಹೋಗುತ್ತದೆ. ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ.

ಇಂಟರ್‌ನೆಟ್ಟಿನ ಪೊಟ್ಟಣಕ್ಕೆ ಒಂದು ಆಯುಸ್ಸಂಖ್ಯೆಯಿದೆ. ಪ್ರತಿ ರೂಟರನ್ನು ದಾಟಿದಾಗಲೂ ಅದು ಒಂದೊಂದಾಗಿ ಇಳಿದು, ಸೊನ್ನೆಯಾದಾಗ ಪೊಟ್ಟಣವು ಅಳಿಯುತ್ತದೆ. ಈಥರ್‌ನೆಟ್ಟಿನ ಲಕೋಟೆಯ ಮೇಲೆ ಅಂಥ ಸಂಖ್ಯೆಗೆ ಸ್ಥಳವೇ ಇಲ್ಲ. ಆದುದರಿಂದ ಸುತ್ತಿಗೆ ಸಿಕ್ಕ ಪೊಟ್ಟಣಕ್ಕೆ ಸಾವಿಲ್ಲ. ಸುತ್ತುಗಳು ಹಲವಾದರೆ ಅದರ ಪ್ರತಿಗಳೂ ಬೆಳೆಯುತ್ತ ಹೋಗುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಇಡೀ ಜಾಲವು ಈ ಸುಂಟರಗಾಳಿಯಿಂದ ತುಂಬಿಹೋಗುತ್ತದೆ. ಇದಕ್ಕೆ ದುಷ್ಟನೇ ಬೇಕೆಂದಿಲ್ಲ. ಒಂದು ತಂತಿಯ ಎರಡು ತುದಿಗಳನ್ನೂ ಒಂದೇ ಸಾಧಾರಣ ಸ್ವಿಚ್ಚಿನ ಎರಡು ಪೋರ್ಟುಗಳಿಗೆ ಸಿಕ್ಕಿಸಿದರೆ ಸಾಕು.

ಇದಕ್ಕೆ ಮದ್ದನ್ನು ಕಂಡುಹಿಡಿದವರು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ. ೧೯೮೫ರಲ್ಲಿ ಅವರು ರೂಪಿಸಿದ ‘ಸ್ಪ್ಯಾನಿಂಗ್ ಟ್ರೀ’ ಎಂಬ ಕ್ರಮದ ಸಾರವಿಷ್ಟು: ಮರದ ಕೊಂಬೆಗಳು ಕವಲೊಡೆಯುತ್ತವೆಯೇ ಹೊರತು ಮತ್ತೆ ಕೂಡಿ ಸುತ್ತಾಗುವುದಿಲ್ಲ, ಆದುದರಿಂದ ಜಾಲವನ್ನು ಮರದಂತೆ ಮಾಡಬೇಕು. ಸ್ವಿಚ್ಚುಗಳೆಲ್ಲ ತಮ್ಮ ತಮ್ಮ ಗುರುತಿನ ಸಂಖ್ಯೆಯನ್ನು ಸಾರಿಕೊಳ್ಳುತ್ತವೆ. ಎಲ್ಲಕ್ಕಿಂತ ಕಿರಿಯ ಸಂಖ್ಯೆಯುಳ್ಳದ್ದು ಬೇರಿನ ಸ್ಥಾನ ಪಡೆಯುತ್ತದೆ. ಉಳಿದವು ಬೇರಿಗೆ ಹತ್ತಿರದ ದಾರಿಯನ್ನು ಇಟ್ಟುಕೊಂಡು, ಸುತ್ತು ಉಂಟುಮಾಡುವ ದಾರಿಗಳನ್ನು ಮುಚ್ಚುತ್ತವೆ. ಬೇರಿನಿಂದ ಎರಡು ಸೆಕೆಂಡಿಗೊಮ್ಮೆ ‘ಎಲ್ಲವೂ ಕ್ಷೇಮ’ ಎಂಬ ಸುದ್ದಿ ಹೊರಡುತ್ತಿರುತ್ತದೆ. ಇಪ್ಪತ್ತು ಸೆಕೆಂಡು ಸುದ್ದಿ ಬಾರದಿದ್ದರೆ ದಾರಿ ಕಡಿದಿದೆಯೆಂದು ತಿಳಿದು, ಮುಚ್ಚಿದ್ದ ದಾರಿಯನ್ನು ತೆರೆಯಲು ಹೊರಡುತ್ತವೆ. ಮೀಸಲು ತಂತಿಯೂ ಉಳಿಯಿತು, ಸುತ್ತೂ ತಪ್ಪಿತು.

ಆದರೆ ಈ ಸುಂದರವಾದ ಕ್ರಮದಲ್ಲಿಯೂ ಎರಡು ಸಂದುಗಳಿವೆ. ಯಾವನೋ ಒಬ್ಬನು ‘ನನ್ನ ಸಂಖ್ಯೆಯೇ ಎಲ್ಲಕ್ಕಿಂತ ಕಿರಿದು’ ಎಂದು ಸುಳ್ಳು ಸಾರಿದರೆ ಸ್ವಿಚ್ಚುಗಳು ಅವನನ್ನೇ ಬೇರೆಂದು ಒಪ್ಪಿ ದಾರಿಗಳನ್ನೆಲ್ಲ ಮಾರ್ಪಡಿಸುತ್ತವೆ. ಅವನು ಮೇಲಿಂದ ಮೇಲೆ ಬಂದು ಹೋಗುತ್ತಿದ್ದರೆ ಜಾಲವು ದಾರಿ ಹುಡುಕುವುದರಲ್ಲಿಯೇ ಕಾಲ ಕಳೆಯುತ್ತದೆ. ಇದು ಮೊದಲನೆಯ ಸಂದು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಜಾಲದಲ್ಲಿ ವಿಪರೀತ ದಟ್ಟಣೆಯಾಗಿ ಕ್ಷೇಮದ ಸುದ್ದಿಯೇ ತಲಪದೆ ಹೋದರೆ, ದಾರಿ ಕಡಿಯಿತೆಂದು ತಪ್ಪಾಗಿ ತಿಳಿದ ಸ್ವಿಚ್ಚು ಮುಚ್ಚಿದ ದಾರಿಯನ್ನು ತೆರೆಯುತ್ತದೆ. ಆಗ ಸುತ್ತು ಏರ್ಪಟ್ಟು ದಟ್ಟಣೆ ಮತ್ತಷ್ಟು ಹೆಚ್ಚುತ್ತದೆ. ಹೆಚ್ಚಿದ ದಟ್ಟಣೆಯಲ್ಲಿ ಸುದ್ದಿ ತಲಪುವುದು ಇನ್ನೂ ಕಠಿನವಾಗುತ್ತದೆ.

ಬಾಸ್ಟನ್ನಿನ ನಾಲ್ಕು ದಿನಗಳು

ಇದು ಪುಸ್ತಕದ ಊಹೆಯಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಬೆತ್ ಇಸ್ರೇಲ್ ಡೀಕನೆಸ್ ಎಂಬ ಹೆಸರಾಂತ ಆಸ್ಪತ್ರೆಯಿದೆ. ವೈದ್ಯಕೀಯದಲ್ಲಿ ಕಂಪ್ಯೂಟರನ್ನು ಬಳಸುವುದರಲ್ಲಿ ಅದು ಆ ಕಾಲಕ್ಕೇ ಮುಂದಾಳಾಗಿತ್ತು. ೨೦೦೨ರ ನವೆಂಬರ್ ೧೩ರಂದು ಅದರ ಜಾಲವು ಇದ್ದಕ್ಕಿದ್ದಂತೆ ನಿಧಾನವಾಗಿ, ಬಳಿಕ ನಿಂತೇಹೋಯಿತು. ಸಂಶೋಧಕರೊಬ್ಬರು ಬಳಸುತ್ತಿದ್ದ ತಂತ್ರಾಂಶವೊಂದು ಅಪಾರ ಪ್ರಮಾಣದ ದತ್ತಾಂಶವನ್ನು ಜಾಲಕ್ಕೆ ಸುರಿದುದು ನೆಪವಾಯಿತು. ನಿಜವಾದ ಕಾರಣ ಅದಕ್ಕಿಂತ ಹಳೆಯದು. ಸ್ಪ್ಯಾನಿಂಗ್ ಟ್ರೀ ಕ್ರಮದಲ್ಲಿ ಒಂದು ತುದಿಯಿಂದ ಮತ್ತೊಂದು ತುದಿಗೆ ಏಳು ಸ್ವಿಚ್ಚುಗಳಿಗಿಂತ ಹೆಚ್ಚು ಇರಕೂಡದೆಂಬ ಒಂದು ಅಳತೆಯುಂಟು. ಕ್ಷೇಮದ ಸುದ್ದಿ ಹೊತ್ತಿಗೆ ಸರಿಯಾಗಿ ತಲಪಲಿ ಎಂಬುದು ಅದರ ಉದ್ದೇಶ. ಆ ಆಸ್ಪತ್ರೆಯ ಜಾಲವು ವರ್ಷ ವರ್ಷವೂ ಒಂದೊಂದು ತುಂಡಾಗಿ ಬೆಳೆದು ಈ ಅಳತೆಯನ್ನು ಮೀರಿತ್ತು.

ಸುಮಾರು ನಾಲ್ಕು ದಿನ ಆಸ್ಪತ್ರೆಯು ಕಾಗದಕ್ಕೆ ಮರಳಬೇಕಾಯಿತು. ವೈದ್ಯರು ಔಷಧದ ಚೀಟಿಯನ್ನು ಕೈಯಲ್ಲಿ ಬರೆದರು. ಪರೀಕ್ಷೆಯ ವರದಿಗಳನ್ನು ಜನರು ಹೊತ್ತು ಮಹಡಿಯಿಂದ ಮಹಡಿಗೆ ಓಡಾಡಿದರು. ಕಿರಿಯ ವೈದ್ಯರಲ್ಲಿ ಅನೇಕರಿಗೆ ಕಾಗದದ ಚೀಟಿ ಬರೆದು ಅಭ್ಯಾಸವೇ ಇರಲಿಲ್ಲ. ಸ್ವಿಚ್ಚುಗಳನ್ನು ತಯಾರಿಸಿದ ಕಂಪನಿಯ ತಜ್ಞರು ಯಂತ್ರಗಳೊಡನೆ ಧಾವಿಸಿ ಬಂದು ಜಾಲದ ಭಾಗಗಳನ್ನು ಹೊಸದಾಗಿ ಕಟ್ಟಿದ ಮೇಲೆ ಸೇವೆ ಮರಳಿತು. ಆಗ ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಲಾಮ್ಕ ಅವರು ನಡೆದುದನ್ನು ಮುಚ್ಚಿಡದೆ ಲೋಕದ ಮುಂದೆ ವಿವರಿಸಿದರು. ಇತರ ಆಸ್ಪತ್ರೆಗಳು ಅದರಿಂದ ಪಾಠ ಕಲಿತವು.

ಇಲ್ಲಿ ಕಳ್ಳನಿರಲಿಲ್ಲ, ವೈರಿಯಿರಲಿಲ್ಲ. ಆದರೂ ಸೇವೆ ನಿಂತಿತು. ದುಷ್ಟನು ಬೇಕೆಂದು ಮಾಡಬಹುದಾದುದು ಸಜ್ಜನರ ಕೈಯಲ್ಲಿ ತಾನಾಗಿಯೇ ಸಂಭವಿಸಬಲ್ಲುದೆಂದ ಮೇಲೆ, ಸೇವಾನಿರಾಕರಣೆಯ ದೋಷಗಳನ್ನು ಶತ್ರುಗಳ ಭಯದಿಂದ ಮಾತ್ರವೇ ತಿದ್ದಬೇಕೆಂದಲ್ಲ. ಯಂತ್ರವು ತನ್ನ ಕೆಲಸವನ್ನು ನೆಟ್ಟಗೆ ಮಾಡಬೇಕಾದರೂ ತಿದ್ದಲೇಬೇಕು.

೩. ಎದ್ದು ಹೋಗದ ಸರದಿ

ಮೇಲಿನ ಎರಡೂ ಕ್ರಮದಲ್ಲಿಯೇ ಅಡಗಿದ ದೋಷಗಳು. ತಂತ್ರಾಂಶ ಬರೆದವರ ಕೈತಪ್ಪಿನಿಂದ ಉಂಟಾಗುವ ದೋಷಗಳು ಬೇರೆ ಇವೆ. ಇವುಗಳಲ್ಲಿ ೨೦೦೩ರ ಜುಲೈ ತಿಂಗಳಿನಲ್ಲಿ ಸಿಸ್ಕೋ ಕಂಪನಿಯು ಪ್ರಕಟಿಸಿದ ಒಂದು ದೋಷವು ಪಾಠವಾಗಿ ಓದತಕ್ಕುದು. ಆ ಕಂಪನಿಯ ಐಒಎಸ್ ಎಂಬ ತಂತ್ರಾಂಶದಿಂದ ನಡೆಯುತ್ತಿದ್ದ ರೂಟರುಗಳಿಗೂ ಸ್ವಿಚ್ಚುಗಳಿಗೂ ಅದು ಸಂಬಂಧಿಸಿತ್ತು.

ಸ್ವಿಚ್ಚಿನೊಳಗೆ ಎರಡು ಬಗೆಯ ಕೆಲಸಗಾರರಿರುತ್ತಾರೆನ್ನಬಹುದು. ಪೊಟ್ಟಣಗಳನ್ನು ಇಲ್ಲಿಂದಲ್ಲಿಗೆ ದಾಟಿಸಲು ಅತಿ ವೇಗದ, ಆದರೆ ಹೆಚ್ಚು ಯೋಚಿಸದ ಚಿಪ್ಪುಗಳು. ಸ್ವಿಚ್ಚಿಗೇ ಸಂಬಂಧಿಸಿದ ಮಾತುಗಳನ್ನು ಓದಿ ನಿರ್ಧರಿಸಲು ಒಂದು ನಿಧಾನವಾದ ಪ್ರೊಸೆಸರು. ಈ ಪ್ರೊಸೆಸರಿನ ಮುಂದೆ ಪೊಟ್ಟಣಗಳು ಸರದಿಯಲ್ಲಿ ಕಾಯುತ್ತವೆ. ಆ ಸರದಿಗೆ ಸಾಮಾನ್ಯವಾಗಿ ೭೫ ಸ್ಥಾನಗಳಿದ್ದವು. ಒಂದನ್ನು ಓದಿ ಮುಗಿಸಿದೊಡನೆ ಅದರ ಸ್ಥಾನ ತೆರವಾಗಬೇಕು.

ಪೊಟ್ಟಣದ ಒಳಗಿರುವುದು ಯಾವ ಬಗೆಯ ವಿಷಯವೆಂದು ತಿಳಿಸುವ ಒಂದು ಸಂಖ್ಯೆ ಅದರ ಮೇಲಿರುತ್ತದೆ. ೫೩, ೫೫, ೭೭, ೧೦೩ ಎಂಬ ನಾಲ್ಕು ಅಪರೂಪದ ಸಂಖ್ಯೆಗಳಿದ್ದ ಪೊಟ್ಟಣಗಳು ಕೆಲವು ನಿರ್ದಿಷ್ಟ ಸ್ಥಿತಿಯಲ್ಲಿ ಬಂದರೆ, ಓದಿಯಾದ ಮೇಲೂ ಸರದಿಯಿಂದ ಕಳಚುತ್ತಿರಲಿಲ್ಲ. ಪಡಿತರದ ಅಂಗಡಿಯ ಮುಂದಿನ ಬೆಂಚಿನಲ್ಲಿ ಅಕ್ಕಿ ಪಡೆದವನೂ ಏಳದೆ ಕುಳಿತೇ ಇದ್ದರೆ ಹೇಗೋ ಹಾಗೆ. ಇಂಥ ಪೊಟ್ಟಣಗಳು ಬೆಂಚು ತುಂಬುವಷ್ಟು, ಎಂದರೆ ನೂರಕ್ಕೂ ಕಡಿಮೆ, ಬಂದು ಸೇರಿದರೆ ಆ ಪೋರ್ಟಿನ ಬಾಗಿಲು ಮುಚ್ಚಿದಂತೆಯೇ. ಹೊಸದಾಗಿ ಏನನ್ನೂ ಸ್ವೀಕರಿಸಲಾಗದು. ಯಂತ್ರವು ಕೆಟ್ಟಿತೆಂಬ ಎಚ್ಚರಿಕೆಯೂ ಮೊಳಗದು. ದೀಪಗಳು ಉರಿಯುತ್ತಲೇ ಇರುವುವು. ಯಂತ್ರವನ್ನು ಆರಿಸಿ ಹೊತ್ತಿಸಿದಲ್ಲದೆ ಸರದಿ ಖಾಲಿಯಾಗುತ್ತಿರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಮೊದಲ ಬಗೆಯ ದೋಷದಲ್ಲಿ ಪೊಟ್ಟಣಗಳ ಪ್ರವಾಹವೇ ಹರಿಯಬೇಕಿತ್ತು. ಇಲ್ಲಿಯಾದರೋ ಪ್ರವಾಹ ಬೇಡ, ಬೊಗಸೆಯಷ್ಟು ಸಾಕು. ಬಾಗಿಲನ್ನು ತಳ್ಳಿ ಮುರಿಯುವುದಕ್ಕೂ, ಬೀಗದ ಕಿಂಡಿಯಲ್ಲಿ ಒಂದು ಕಡ್ಡಿ ಮುರಿದು ಸಿಕ್ಕಿಸುವುದಕ್ಕೂ ಇರುವ ಅಂತರ ಇದು. ಇಂಟರ್‌ನೆಟ್ಟಿನ ಹೆದ್ದಾರಿಗಳನ್ನು ನಡೆಸುವ ದೊಡ್ಡ ಸಂಸ್ಥೆಗಳಿಗೆ ಕಂಪನಿಯು ಮೊದಲೇ ಗುಟ್ಟಾಗಿ ಸುದ್ದಿ ಕೊಟ್ಟು ಯಂತ್ರಗಳನ್ನು ತಿದ್ದಿಕೊಳ್ಳಲು ಅವಕಾಶ ಕಲ್ಪಿಸಿತು. ಆಮೇಲೆ ಎಲ್ಲರಿಗೂ ತಿಳಿಸಿತು. ಪ್ರಕಟವಾದ ಕೆಲವೇ ದಿನಗಳಲ್ಲಿ ಈ ದೋಷವನ್ನು ದುರುಪಯೋಗ ಮಾಡುವ ಸಾಧನವೂ ಹೊರಬಿದ್ದಿತು. ತಿದ್ದುವವರಿಗೂ ಕೆಡಿಸುವವರಿಗೂ ಇರುವ ಓಟದ ಪಂದ್ಯದಲ್ಲಿ ದಿನಗಳಿಗೆ ಎಷ್ಟು ಬೆಲೆಯೆಂಬುದು ಇದರಿಂದ ತಿಳಿಯುತ್ತದೆ.

೪. ಕೇಳಿದ್ದನ್ನೆಲ್ಲ ನಂಬುವ ಯಂತ್ರ

ನೆರೆಯ ಯಂತ್ರಗಳು ತಮ್ಮ ಹೆಸರನ್ನೂ ಜಾತಕವನ್ನೂ ಹೇಳಿಕೊಂಡು ಪರಸ್ಪರ ಪರಿಚಯ ಮಾಡಿಕೊಳ್ಳುವ ಒಂದು ಕ್ರಮವುಂಟು. ೨೦೦೧ರಲ್ಲಿ ಸಂಶೋಧಕರು ಇದರಲ್ಲಿ ಒಂದು ದೋಷವನ್ನು ತೋರಿಸಿದರು. ದಿನಕ್ಕೊಂದು ಹೆಸರಿನ ಬದಲು ಕ್ಷಣಕ್ಕೊಂದು ಸುಳ್ಳು ಹೆಸರಿನ ನೆರೆಯವನು ಬಂದರೂ ಸಿಸ್ಕೋ ಯಂತ್ರಗಳು ಪ್ರತಿಯೊಬ್ಬನನ್ನೂ ನೆನಪಿನಲ್ಲಿ ಬರೆದುಕೊಳ್ಳುತ್ತಿದ್ದವು. ಕೊನೆಗೆ ನೆನಪಿನ ಕೋಶವೇ ಮುಗಿದು ಯಂತ್ರವು ಕುಸಿಯುತ್ತಿತ್ತು. ನೆರೆಯವರನ್ನು ಆದರಿಸಬೇಕು, ನಿಜ; ಆದರೆ ಒಂದು ತಂತಿಯ ತುದಿಯಲ್ಲಿ ಹತ್ತು ಸಾವಿರ ನೆರೆಯವರು ಇರಲಾರರೆಂಬ ವಿವೇಕವೂ ಬೇಕಷ್ಟೆ.

ಇದಕ್ಕಿಂತ ದೊಡ್ಡ ಅನಾಹುತ ೨೦೧೮ರಲ್ಲಿ ಸಂಭವಿಸಿತು. ಹೊಸ ಸ್ವಿಚ್ಚನ್ನು ಪೆಟ್ಟಿಗೆಯಿಂದ ತೆಗೆದು ತಂತಿ ಸಿಕ್ಕಿಸಿದೊಡನೆ ಅದು ತಾನೇ ಸಜ್ಜಾಗಲೆಂದು ‘ಸ್ಮಾರ್ಟ್ ಇನ್‌ಸ್ಟಾಲ್’ ಎಂಬ ಸೌಕರ್ಯವನ್ನು ಸಿಸ್ಕೋ ಕಂಪನಿಯು ಕೆಲವು ಮಾದರಿಗಳಲ್ಲಿ ಒದಗಿಸಿತ್ತು. ‘ನಿನ್ನ ಏರ್ಪಾಡುಗಳನ್ನು ಹೀಗೆ ಬದಲಿಸಿಕೋ’ ಎಂದು ದೂರದಿಂದ ಅಪ್ಪಣೆ ಬಂದರೆ ಸ್ವಿಚ್ಚು ಪಾಲಿಸುತ್ತಿತ್ತು. ಆದರೆ ಅಪ್ಪಣೆ ಕೊಡುವವನು ಯಾರೆಂದು ಅದು ಕೇಳುತ್ತಿರಲಿಲ್ಲ. ಸಜ್ಜುಗೊಳಿಸುವ ಕೆಲಸ ಮುಗಿದ ಮೇಲೂ ಅನೇಕ ಕಡೆ ಈ ಬಾಗಿಲನ್ನು ಮುಚ್ಚಿರಲಿಲ್ಲ; ಅದು ಇಂಟರ್‌ನೆಟ್ಟಿಗೆ ತೆರೆದೇ ಇತ್ತು. ೨೦೧೮ರ ಮಾರ್ಚ್ ೨೮ರಂದು ಇದೇ ಸೌಕರ್ಯದಲ್ಲಿದ್ದ ಒಂದು ಗಂಭೀರ ದೋಷವನ್ನು ಕಂಪನಿಯು ಪ್ರಕಟಿಸಿ ತಿದ್ದುಪಡಿಯನ್ನೂ ಕೊಟ್ಟಿತು. ಹತ್ತು ದಿನ ಕಳೆಯುವ ಮುನ್ನ, ಏಪ್ರಿಲ್ ೬ರಂದು, ಇರಾನ್ ಮತ್ತು ರಷ್ಯಾ ದೇಶಗಳಲ್ಲಿ ಈ ತೆರೆದ ಬಾಗಿಲಿನ ಮೂಲಕ ಸ್ವಿಚ್ಚುಗಳ ಏರ್ಪಾಡುಗಳನ್ನು ಅಳಿಸಿಹಾಕಲಾಯಿತು. ಅವುಗಳ ಸ್ಥಾನದಲ್ಲಿ ಅಮೆರಿಕದ ಧ್ವಜದ ಚಿತ್ರವೊಂದು ಉಳಿಯಿತು. ಇರಾನ್ ದೇಶದಲ್ಲಿ ೩,೫೦೦, ಲೋಕದಲ್ಲಿ ಒಟ್ಟು ಸುಮಾರು ೨ ಲಕ್ಷ ಯಂತ್ರಗಳು ಈ ದಾಳಿಗೆ ತುತ್ತಾದವೆಂದು ಆ ದೇಶದ ಸಂಪರ್ಕ ಸಚಿವಾಲಯವು ತಿಳಿಸಿತು.

ಏರ್ಪಾಡು ಅಳಿದುಹೋದ ಸ್ವಿಚ್ಚು ಒಡೆದ ಯಂತ್ರವಲ್ಲ. ತನ್ನ ಕೆಲಸವೇನೆಂಬುದನ್ನು ಮರೆತ ಯಂತ್ರ. ಏರ್ಪಾಡಿನ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಂಡವರು ಕೆಲವೇ ಗಂಟೆಗಳಲ್ಲಿ ಅದನ್ನು ಸರಿಪಡಿಸಬಲ್ಲರು. ಇಟ್ಟುಕೊಳ್ಳದವರು ನೆನಪಿನಿಂದ ಎಲ್ಲವನ್ನೂ ಮತ್ತೆ ಬರೆಯಬೇಕು.

ಪರಿಹಾರದ ದಾರಿ

ರೋಗದ ಮೂಲ ತಿಳಿದರೆ ಮದ್ದು ದೂರವಿಲ್ಲ. ಮಿತವಾದುದನ್ನು ಅಪರಿಚಿತನು ಮಿತಿಯಿಲ್ಲದೆ ಬಳಸುವುದೇ ಮೂಲವೆಂದ ಮೇಲೆ, ಮಿತಿ ಹಾಕುವುದೂ ಅಪ್ಪಣೆ ಕೊಡುವವನ ಗುರುತು ಕೇಳುವುದೂ ಮದ್ದು. ಇಂದಿನ ಉತ್ತಮ ಸ್ವಿಚ್ಚುಗಳಲ್ಲಿ ಇವುಗಳಿಗೆ ಸಾಧನಗಳು ಸಿದ್ಧವಾಗಿಯೇ ಇವೆ. ಯಜಮಾನನು ಅವನ್ನು ಬಳಸಬೇಕಷ್ಟೆ.

ಒಂದು ಮೇಜಿನ ಮೇಲೆ ಒಂದು ಕಂಪ್ಯೂಟರಿದ್ದರೆ ಆ ಪೋರ್ಟಿನಲ್ಲಿ ಒಂದೆರಡು ವಿಳಾಸಗಳಿಗಿಂತ ಹೆಚ್ಚು ಕಲಿಯಕೂಡದೆಂದು ಕಟ್ಟು ಮಾಡಬಹುದು. ಮೀರಿದರೆ ಪೋರ್ಟು ತಾನೇ ಮುಚ್ಚಿಕೊಳ್ಳುತ್ತದೆ. ಎಲ್ಲರಿಗೂ ಹೋಗುವ ಪೊಟ್ಟಣಗಳು ತಂತಿಯ ಇಂತಿಷ್ಟು ಪಾಲನ್ನು ಮಾತ್ರ ಬಳಸಬೇಕೆಂದು ಅಣೆಕಟ್ಟು ಹಾಕಬಹುದು. ಸುತ್ತು ಬಿದ್ದರೂ ಆಗ ಸುಂಟರಗಾಳಿ ಏಳದು. ಸ್ವಿಚ್ಚುಗಳು ಮಾತ್ರ ಆಡತಕ್ಕ ಮಾತನ್ನು ಒಂದು ಮೇಜಿನ ಕಂಪ್ಯೂಟರು ಆಡಿದರೆ ಅದನ್ನು ಹೊರಗಿಡುವಂತೆ ಅಪ್ಪಣೆ ಮಾಡಬಹುದು. ಪ್ರೊಸೆಸರಿನ ಬಳಿಗೆ ಹೋಗುವ ಪೊಟ್ಟಣಗಳಿಗೆ ಬಗೆಬಗೆಯಾಗಿ ಸರದಿ ಗೊತ್ತುಮಾಡಿ, ಕ್ಷೇಮದ ಸುದ್ದಿಗೆ ಯಾವಾಗಲೂ ದಾರಿ ಬಿಟ್ಟಿರುವಂತೆ ಏರ್ಪಡಿಸಬಹುದು.

ಇವಲ್ಲದೆ ಹಣ ಬೇಡದ ಮೂರು ಕೆಲಸಗಳಿವೆ. ಬಳಸದ ಸೌಕರ್ಯಗಳನ್ನು ಮುಚ್ಚಿಡುವುದು, ತಯಾರಕರು ಕೊಡುವ ತಿದ್ದುಪಡಿಗಳನ್ನು ತಡಮಾಡದೆ ಹಾಕಿಕೊಳ್ಳುವುದು, ಏರ್ಪಾಡಿನ ಪ್ರತಿಯನ್ನು ಸುರಕ್ಷಿತವಾಗಿ ಬೇರೆಡೆ ಇಡುವುದು. ಇರಾನಿನ ಅನಾಹುತವನ್ನು ತಪ್ಪಿಸಲು ಈ ಮೂರರಲ್ಲಿ ಮೊದಲನೆಯದೊಂದೇ ಸಾಕಾಗಿತ್ತು.

ನಮ್ಮ ಶಾಲೆ ಮನೆಗಳಲ್ಲಿ

ಇಷ್ಟು ಓದಿದ ತಂದೆತಾಯಂದಿರು, ‘ಇದರಲ್ಲಿ ನಾವು ಮಾಡತಕ್ಕುದೇನು?’ ಎಂದು ಕೇಳಬಹುದು. ಸಣ್ಣ ಬೆಲೆಯ ಸ್ವಿಚ್ಚುಗಳಲ್ಲಿ ಮೇಲೆ ಹೇಳಿದ ಕಾವಲುಗಳು ಸಾಮಾನ್ಯವಾಗಿ ಇರುವುದಿಲ್ಲ. ಸ್ಪ್ಯಾನಿಂಗ್ ಟ್ರೀ ಕೂಡ ಬಹುಮಟ್ಟಿಗೆ ಇರುವುದಿಲ್ಲ. ಇಂಥ ಸ್ವಿಚ್ಚು ಇರುವ ಕೊಠಡಿಯಲ್ಲಿ ನೆಲದ ಮೇಲೆ ಬಿದ್ದಿರುವ ತಂತಿಯ ತುದಿಯನ್ನು ‘ಇದು ಕಳಚಿಬಿದ್ದಿರಬೇಕು’ ಎಂದು ಭಾವಿಸಿ ಖಾಲಿ ಪೋರ್ಟಿಗೆ ಸಿಕ್ಕಿಸುವುದು ಒಳ್ಳೆಯ ಮನಸ್ಸಿನ ಕೆಲಸವೇ ಆದರೂ, ಇನ್ನೊಂದು ತುದಿ ಎಲ್ಲಿದೆಯೆಂದು ನೋಡದೆ ಮಾಡಬಾರದು. ಎಲ್ಲ ಕಂಪ್ಯೂಟರುಗಳೂ ಒಮ್ಮೆಗೇ ನಿಂತು, ಸ್ವಿಚ್ಚಿನ ದೀಪಗಳೆಲ್ಲ ಬಿಡುವಿಲ್ಲದೆ ಒಟ್ಟಿಗೆ ಮಿಣುಕುತ್ತಿದ್ದರೆ ಸುತ್ತು ಬಿದ್ದಿರಬಹುದೆಂದು ಊಹಿಸಿ, ಕೊನೆಯದಾಗಿ ಸಿಕ್ಕಿಸಿದ ತಂತಿಯನ್ನು ಕಳಚಿ ನೋಡಬೇಕು. ತಂತಿಗಳ ತುದಿಗೆ ಹೆಸರಿನ ಚೀಟಿ ಅಂಟಿಸಿಡುವುದೂ, ಸ್ವಿಚ್ಚನ್ನು ಕೈಗೆಟುಕದ ಪೆಟ್ಟಿಗೆಯಲ್ಲಿಡುವುದೂ ಹೆಚ್ಚು ಖರ್ಚಿನ ಕೆಲಸಗಳಲ್ಲ. ಮನೆಯ ವೈಫೈ ಪೆಟ್ಟಿಗೆಯೊಡನೆ ಬಂದ ಮೂಲ ಗುಪ್ತಪದವನ್ನು ಬದಲಿಸಿಕೊಳ್ಳುವುದಂತೂ ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಈ ವಿದ್ಯೆಯಲ್ಲಿ ಕುತೂಹಲವುಂಟಾದರೆ ಅದು ಮೆಚ್ಚತಕ್ಕ ವಿಷಯ. ಹಳೆಯ ಸ್ವಿಚ್ಚೊಂದನ್ನು ಶಾಲೆಯ ಜಾಲದಿಂದ ಬೇರೆಯಾಗಿ ಇಟ್ಟುಕೊಂಡು, ಉಪಾಧ್ಯಾಯರ ಎದುರಿನಲ್ಲಿ ಸುತ್ತು ಹಾಕಿ ನೋಡಿ, ದೀಪಗಳನ್ನು ಗಮನಿಸಿ, ಕಲಿಯಬಹುದು. ಆದರೆ ಇತರರ ಜಾಲದ ಮೇಲೆ ತಮಾಷೆಗಾಗಿಯಾದರೂ ಇದನ್ನು ಪ್ರಯೋಗಿಸಕೂಡದು. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೪೩ನೆಯ ಪ್ರಕರಣವು ಜಾಲಕ್ಕೆ ಅಡ್ಡಿಪಡಿಸುವುದನ್ನೂ ಅಧಿಕಾರವುಳ್ಳವರಿಗೆ ಪ್ರವೇಶ ದೊರೆಯದಂತೆ ಮಾಡುವುದನ್ನೂ ಸ್ಪಷ್ಟವಾಗಿ ಹೆಸರಿಸಿದೆ. ಅದನ್ನು ದುರುದ್ದೇಶದಿಂದ ಮಾಡಿದವರಿಗೆ ೬೬ನೆಯ ಪ್ರಕರಣದಂತೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ನಿಜವಾದ ದೋಷವೇನಾದರೂ ಕಣ್ಣಿಗೆ ಬಿದ್ದರೆ ತಯಾರಕರಿಗೋ, ಭಾರತ ಸರಕಾರವು ಈ ಕೆಲಸಕ್ಕಾಗಿಯೇ ೨೦೦೪ರಿಂದ ನಡೆಸುತ್ತಿರುವ ಸರ್ಟ್-ಇನ್ ಸಂಸ್ಥೆಗೋ ತಿಳಿಸುವುದು ಸರಿಯಾದ ದಾರಿ. ದೋಷವನ್ನು ಕಂಡವನು ಅದನ್ನು ತಿದ್ದಬಲ್ಲವನಿಗೆ ತಿಳಿಸಿದಾಗಲೇ ಆ ಜ್ಞಾನವು ಲೋಕೋಪಕಾರಿಯಾಗುತ್ತದೆ.

ಸ್ವಿಚ್ಚು ಎಲ್ಲರಿಗೂ ದಾರಿ ಬಿಡುವ ಯಂತ್ರ. ಎಲ್ಲರಿಗೂ ದಾರಿ ಬಿಡಬೇಕಾದವನು ಒಬ್ಬನೇ ದಾರಿಯೆಲ್ಲವನ್ನೂ ಆಕ್ರಮಿಸದಂತೆ ನೋಡಿಕೊಳ್ಳಬೇಕು. ಔದಾರ್ಯಕ್ಕೆ ಮಿತಿಯೆಂಬುದು ಕೊರತೆಯಲ್ಲ, ಕಾವಲು. ಯಂತ್ರವನ್ನು ರಚಿಸುವವರೂ ನಡೆಸುವವರೂ ಬಳಸುವವರೂ ಈ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟರೆ, ರೋಗಿಯ ವರದಿ ವೈದ್ಯರಿಗೂ ವಿದ್ಯಾರ್ಥಿಯ ಫಲಿತಾಂಶ ಮನೆಗೂ ಹೊತ್ತಿಗೆ ಸರಿಯಾಗಿ ತಲಪುತ್ತಿರುವುವು.